ಸಂತೆಯಲ್ಲಿ ಕೊಂಡ ಎತ್ತು ಯಾರದು?

ಕಳ್ಳ ಸಿಕ್ಕಿಬಿದ್ದೊಡನೆ ಕಳವಿನ ಕಥೆ ಮುಗಿಯಿತೆಂದು ಬಹುಮಂದಿ ಭಾವಿಸಿರುತ್ತಾರೆ. ಗೃಹಸ್ಥನ ಪೇಚಾಟ ಮೊದಲಾಗುವುದು ಬಹುಮಟ್ಟಿಗೆ ಅಲ್ಲಿಂದಲೇ. ಕಳ್ಳನಿಗೆ ಆಗತಕ್ಕ ಶಿಕ್ಷೆಯನ್ನು ಸರಕಾರವೂ ನ್ಯಾಯಾಲಯವೂ ನೋಡಿಕೊಳ್ಳುತ್ತವೆ. ಆದರೆ ಮಾಲು ಯಾರ ಮನೆಗೆ ಹೋಗಬೇಕು, ಎಂದು ಹೋಗಬೇಕು, ಅಲ್ಲಿಯವರೆಗೆ ಎಲ್ಲಿರಬೇಕು ಎಂಬ ಪ್ರಶ್ನೆ ಕಳೆದುಕೊಂಡವನ ತಲೆಯ ಮೇಲೂ, ತಿಳಿಯದೆ ಕೊಂಡವನ ತಲೆಯ ಮೇಲೂ ಕುಳಿತಿರುತ್ತದೆ. ಈ ವಾರ ಅದನ್ನು ಸ್ವಲ್ಪ ವಿಚಾರಿಸೋಣ.

ಆಳಂದ ತಾಲ್ಲೂಕಿನ ಜಿಡಗಾದಲ್ಲಿ ಒಬ್ಬ ರೈತನಿದ್ದಾನೆಂದು ಇಟ್ಟುಕೊಳ್ಳಿ. ಮುಂಗಾರಿಗೆ ಮೊದಲು ಸಂತೆಯಲ್ಲಿ, ನಾಲ್ಕು ಜನರ ಎದುರಿನಲ್ಲಿ, ರೊಕ್ಕ ಎಣಿಸಿ ಕೊಟ್ಟು ಒಂದು ಜೋಡಿ ಖಿಲಾರಿ ಎತ್ತುಗಳನ್ನು ತಂದ. ಎರಡು ತಿಂಗಳು ಹೊಲ ಹೂಡಿದ. ಒಂದು ಮುಂಜಾನೆ ಪೋಲೀಸರು ಬಂದರು; ಅವರೊಂದಿಗೆ ಅಕ್ಕಲಕೋಟೆಯ ಕಡೆಯ ಇನ್ನೊಬ್ಬ ರೈತ. ಆತ ಎತ್ತನ್ನು ಹೆಸರು ಹಿಡಿದು ಕರೆದ. ಎತ್ತು ಕಿವಿ ನಿಮಿರಿಸಿ ತಿರುಗಿ ನೋಡಿತು. ಪಂಚನಾಮೆಯಾಯಿತು, ಜೋಡಿ ಠಾಣೆಗೆ ಹೋಯಿತು. ಇಬ್ಬರೂ ಬಡವರು, ಇಬ್ಬರೂ ಪ್ರಾಮಾಣಿಕರು, ಇಬ್ಬರಿಗೂ ಬಿತ್ತನೆಯ ಕಾಲ. ಎತ್ತು ಯಾರದು?

ನಮ್ಮ ಜಿಡಗಾದ ರೈತ ಮೊದಲು ಹೇಳುವ ಮಾತು, “ನಾನು ಕದ್ದು ಮುಚ್ಚಿ ಕೊಂಡಿಲ್ಲ, ತುಂಬಿದ ಸಂತೆಯಲ್ಲಿ ಕೊಂಡಿದ್ದೇನೆ” ಎಂಬುದು. ಈ ಮಾತಿಗೆ ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಭಾರಿ ತೂಕವಿತ್ತು. ಬಹಿರಂಗ ಸಂತೆಯಲ್ಲಿ, ಸೂರ್ಯೋದಯ ಸೂರ್ಯಾಸ್ತಗಳ ನಡುವೆ, ಶುದ್ಧ ಮನಸ್ಸಿನಿಂದ ಕೊಂಡವನಿಗೆ ಮಾಲು ಕಳವಿನದಾಗಿದ್ದರೂ ಪೂರ್ಣ ಒಡೆತನ ದೊರೆಯುತ್ತಿತ್ತು. ಲಂಡನ್ನಿನ ಹಳೆಯ ನಗರದೊಳಗಿನ ಅಂಗಡಿಗಳಿಗೂ ಇದೇ ಮರ್ಯಾದೆ. ಕದ್ದ ಚಿತ್ರಪಟಗಳೂ ಬೆಳ್ಳಿಯ ಪಾತ್ರೆಗಳೂ ಆ ಸಂತೆಗಳಿಗೆ ಬಂದು ಮಡಿಯಾಗಿ ಹೋಗತೊಡಗಿದ ಮೇಲೆ 1994ರಲ್ಲಿ ಅಲ್ಲಿನ ಪಾರ್ಲಿಮೆಂಟು ಆ ನಿಯಮವನ್ನು ತೆಗೆದುಹಾಕಿತು. ಭಾರತಕ್ಕೆ ಅದು ಬಂದೇ ಇರಲಿಲ್ಲ. 1930ರ ಸರಕು ಮಾರಾಟದ ಕಾಯಿದೆಯ 27ನೆಯ ಕಲಮು ಹೇಳುವುದು ಇಷ್ಟೇ: ಮಾರುವವನಿಗೆ ಇಲ್ಲದ ಹಕ್ಕು ಕೊಳ್ಳುವವನಿಗೆ ಬಾರದು. ಕಳ್ಳನಿಗೆ ಎತ್ತಿನ ಮೇಲೆ ಹಕ್ಕಿಲ್ಲ; ಅವನಿಂದ ಕೊಂಡವನಿಗೂ ಇಲ್ಲ; ಆತನಿಂದ ಕೊಂಡ ಮೂರನೆಯವನಿಗೂ ಇಲ್ಲ. ಸಂತೆಯ ಚೀಟಿ ಎಷ್ಟೇ ಗಟ್ಟಿಯಾಗಿರಲಿ, ಅದು ಕೊಂಡವನ ಪ್ರಾಮಾಣಿಕತೆಗೆ ಸಾಕ್ಷಿಯಾದೀತೇ ಹೊರತು ಒಡೆತನಕ್ಕೆ ಪತ್ರವಾಗದು. ಎತ್ತು ಅಕ್ಕಲಕೋಟೆಯವನದೇ.

ಕಠಿಣವೆಂದು ತೋರುತ್ತದೆ, ನಿಜ. ಆದರೆ ಜಿಡಗಾದ ರೈತ ಬರಿಗೈಯಲ್ಲಿ ಹೋಗಬೇಕೆಂದು ಕಾನೂನು ಹೇಳಿಲ್ಲ. ಮಾರುವವನು ತನಗೆ ಮಾರುವ ಹಕ್ಕಿದೆಯೆಂದು ಬಾಯಿಬಿಟ್ಟು ಹೇಳದಿದ್ದರೂ ಹೇಳಿದಂತೆಯೇ ಸರಿ ಎಂಬುದು ಅದೇ ಕಾಯಿದೆಯ 14ನೆಯ ಕಲಮು. ಆದುದರಿಂದ ಕೊಟ್ಟ ಹಣಕ್ಕಾಗಿ ಅವನ ಮೇಲೆ ದಾವೆ ಹೂಡಬಹುದು. ಸಂತೆಯ ಮಾರಾಟಗಾರನ ಹೆಸರೂರು ಯಾರಿಗೆ ಗೊತ್ತು ಎಂದು ನೀವು ಕೇಳುವಿರಿ, ನ್ಯಾಯವಾದ ಪ್ರಶ್ನೆಯೇ. ಅದಕ್ಕಿಂತ ಹತ್ತಿರದ ಹಾದಿಯೊಂದುಂಟು, ಬಹುಮಂದಿ ವಕೀಲರೂ ಅದನ್ನು ನೆನೆಯುವುದಿಲ್ಲ. ಕಳ್ಳನನ್ನು ಹಿಡಿದಾಗ ಅವನ ಬಳಿ ಹಣ ಸಿಕ್ಕಿದ್ದರೆ, ಅವನಿಗೆ ಶಿಕ್ಷೆಯಾದ ಮೇಲೆ, ತಿಳಿಯದೆ ಕೊಂಡವನಿಗೆ ಅವನು ತೆತ್ತ ಬೆಲೆಯನ್ನು ಮೀರದಷ್ಟು ಮೊತ್ತವನ್ನು ಆ ಹಣದಿಂದ ಕೊಡಿಸಲು ನ್ಯಾಯಾಧೀಶರಿಗೆ ಅಧಿಕಾರವಿದೆ. ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ ಇದು 453ನೆಯ ಕಲಮಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 499ನೆಯದು. ಒಂದೇ ಷರತ್ತು, ಅರ್ಜಿ ಹಾಕಬೇಕು. ಕೇಳದವನಿಗೆ ನ್ಯಾಯಾಲಯ ತಾನಾಗಿ ಕರೆದು ಕೊಡುವುದು ಅಪರೂಪ.

ಪೋಲೀಸರು ಕೊಂಡವನನ್ನೇ ಆರೋಪಿ ಮಾಡುವುದುಂಟಷ್ಟೆ? ಅಲ್ಲಿ ಕಾನೂನು ನೋಡುವುದು ಮನಸ್ಸನ್ನು. ಕದ್ದ ಮಾಲೆಂದು ತಿಳಿದು, ಇಲ್ಲವೇ ಹಾಗೆ ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ಅದನ್ನು ಪಡೆದವನಿಗೆ ಮೂರು ವರ್ಷಗಳವರೆಗೆ ಸಜೆ. ಹಳೆಯ ದಂಡಸಂಹಿತೆಯ 411, ಈಗಿನ ಭಾರತೀಯ ನ್ಯಾಯ ಸಂಹಿತೆಯ 317. ಸಾಧಾರಣ ಕಳವಿಗೂ ಗರಿಷ್ಠ ಶಿಕ್ಷೆ ಅದೇ ಮೂರು ವರ್ಷ; ಕದ್ದವನನ್ನೂ ಅರಿತು ಕೊಂಡವನನ್ನೂ ಕಾಯಿದೆ ಒಂದೇ ತಕ್ಕಡಿಯಲ್ಲಿಟ್ಟಿದೆ. ಕಳವಿನ ಮಾಲಿನ ವ್ಯಾಪಾರವನ್ನೇ ವೃತ್ತಿ ಮಾಡಿಕೊಂಡವನಿಗಾದರೋ ಜೀವಾವಧಿಯವರೆಗೂ ಹೋಗಬಹುದು. ನನ್ನ ಮಟ್ಟಿಗೆ ಇದು ಸರಿ. ಕೊಳ್ಳುವವನಿಲ್ಲದ ಊರಿನಲ್ಲಿ ಕಳ್ಳ ಎತ್ತನ್ನು ಕಟ್ಟಿಕೊಂಡು ಮಾಡುವುದೇನು?

ಕಳವಾದ ಸ್ವಲ್ಪ ಕಾಲದಲ್ಲೇ ಮಾಲು ಒಬ್ಬನ ಬಳಿ ಸಿಕ್ಕಿ, ಅದು ಬಂದ ಬಗೆಯನ್ನು ಅವನು ವಿವರಿಸಲಾರದೆ ಹೋದರೆ, ಅವನೇ ಕಳ್ಳ ಅಥವಾ ಅರಿತು ಕೊಂಡವನು ಎಂದು ನ್ಯಾಯಾಲಯ ಊಹಿಸಬಹುದು. ಊಹಿಸಬಹುದು, ಊಹಿಸಲೇಬೇಕೆಂದಿಲ್ಲ. “ಸ್ವಲ್ಪ ಕಾಲ” ಎಂದರೆ ಎಷ್ಟು ದಿನ ಎಂದು ಕಾಯಿದೆ ಲೆಕ್ಕ ಹಾಕಿಲ್ಲ. ಕೈಯಿಂದ ಕೈಗೆ ಬೇಗ ದಾಟುವ ವಸ್ತುವಿಗೆ ಒಂದು ಅಳತೆ, ನಿಧಾನವಾಗಿ ದಾಟುವುದಕ್ಕೆ ಇನ್ನೊಂದು. ಸಂತೆಯ ಚೀಟಿಗೆ ಬೆಲೆ ಬರುವುದು ಇಲ್ಲಿ. ಮಧ್ಯಾಹ್ನದ ಹೊತ್ತು, ಸಾಕ್ಷಿಗಳ ಎದುರಿನಲ್ಲಿ, ನಡೆಯುವ ದರಕ್ಕೆ ಕೊಂಡವನು ನಿಶ್ಚಿಂತನಾಗಿರಬಹುದು. ಕತ್ತಲಲ್ಲಿ ದಾರಿಯಂಚಿನಲ್ಲಿ ಅರ್ಧ ದರಕ್ಕೆ ಕೊಂಡವನು ಹಾಗಿರಲಾರ. ಆ ಅರ್ಧ ದರವೇ ಅವನ ವಿರುದ್ಧ ಸಾಕ್ಷಿ ಹೇಳುತ್ತದೆ. ಎತ್ತಿನ ಮಾತು ಬಿಡಿ, ಇಂದು ಹಳ್ಳಿ ಹಳ್ಳಿಯಲ್ಲಿ ಕೈ ಬದಲಾಯಿಸುತ್ತಿರುವುದು ಹಳೆಯ ಮೊಬೈಲು ಫೋನು. ಪ್ರತಿಯೊಂದು ಫೋನಿಗೂ 15 ಅಂಕೆಗಳ ಒಂದು ಗುರುತು ಸಂಖ್ಯೆಯುಂಟು. ಕಳೆದುಹೋದ ಫೋನುಗಳ ಸಂಖ್ಯೆಯನ್ನು ತಡೆಹಿಡಿಯುವ ಕೇಂದ್ರ ಸರಕಾರದ ವ್ಯವಸ್ಥೆ 2023ರ ಮೇ ತಿಂಗಳಿಂದ ದೇಶಕ್ಕೆಲ್ಲ ತೆರೆದಿದೆ. ಬಿಲ್ಲಿಲ್ಲದ ಫೋನನ್ನು ಅಗ್ಗಕ್ಕೆ ಕೊಂಡು ಹಿಗ್ಗುವ ತರುಣರು ಕೊಳ್ಳುವ ಮೊದಲು ಆ ಸಂಖ್ಯೆಯನ್ನು ಪರೀಕ್ಷಿಸಿ ನೋಡುವುದಕ್ಕೆ ಒಂದು ಕಾಸೂ ಖರ್ಚಿಲ್ಲ.

ಇಷ್ಟಕ್ಕೂ ಕಳವು ಎಂದರೇನು? ಇದರ ವ್ಯಾಖ್ಯೆ ಮೆಕಾಲೆಯ ಆಯೋಗ 1837ರಲ್ಲಿ ರಚಿಸಿದ ಕರಡಿನಿಂದ ಬಂದು, 1860ರ ದಂಡಸಂಹಿತೆಯಲ್ಲಿ 378ನೆಯ ಕಲಮಾಗಿ ನಿಂತು, ಈಗಿನ ಸಂಹಿತೆಯಲ್ಲಿ 303 ಎಂಬ ಹೊಸ ಅಂಗಿ ತೊಟ್ಟಿದೆ; ಒಳಗಿನ ದೇಹ ಹಳೆಯದೇ. ಚರವಸ್ತುವನ್ನು, ಇನ್ನೊಬ್ಬನ ವಶದಿಂದ, ಅವನ ಸಮ್ಮತಿಯಿಲ್ಲದೆ, ಅಪ್ರಾಮಾಣಿಕವಾಗಿ ತೆಗೆಯುವ ಉದ್ದೇಶದಿಂದ ಕದಲಿಸುವುದು ಕಳವು. ಕದಲಿಸಿದ ಕ್ಷಣಕ್ಕೇ ಅಪರಾಧ ಪೂರ್ಣ. ಕಲಮಿನ ಕೆಳಗಿನ ಉದಾಹರಣೆಗಳು ಕಥೆಗಳಂತೆ ಓದಿಸಿಕೊಳ್ಳುತ್ತವೆ. ಧನದ ಪೆಟ್ಟಿಗೆ ಹೊತ್ತ ಎತ್ತೊಂದು ಎದುರಾಗುತ್ತದೆ; ಒಬ್ಬ ಅದನ್ನು ತನಗೆ ಬೇಕಾದ ದಿಕ್ಕಿಗೆ ಹೊಡೆಯುತ್ತಾನೆ; ಎತ್ತು ಹೆಜ್ಜೆಯಿಟ್ಟ ಕೂಡಲೆ ಪೆಟ್ಟಿಗೆಯ ಕಳವಾಯಿತು. ಜೇಬಿನಲ್ಲಿ ನಾಯಿಗೆ ಪ್ರಿಯವಾದ ತಿನಿಸಿಟ್ಟುಕೊಂಡು ಒಬ್ಬ ನಡೆಯುತ್ತಾನೆ. ಪರರ ನಾಯಿ ಹಿಂಬಾಲಿಸಿದ ಕೂಡಲೆ ನಾಯಿಯ ಕಳವಾಯಿತು. ನೆಲಕ್ಕೆ ಅಂಟಿದ ಮರ ಚರವಸ್ತುವಲ್ಲ, ಕಡಿದೊಡನೆ ಚರವಸ್ತು; ಹೊಲದಲ್ಲಿ ನಿಂತ ತೊಗರಿಗೂ ಇದೇ ನ್ಯಾಯ. ಕುಡುಗೋಲು ಆಡುವವರೆಗೆ ಅದು ಭೂಮಿ, ಆಡಿದ ಮೇಲೆ ಮಾಲು.

ಸಂಜೆಗೆ ಹಿಂದಿರುಗಿಸಿದರೆ ಕಳವಲ್ಲವೆಂದು ಕೆಲವರ ಎಣಿಕೆ. 1952ರಲ್ಲಿ ಜೋಧಪುರದ ಇಬ್ಬರು ವಾಯುಪಡೆ ಶಿಕ್ಷಣಾರ್ಥಿಗಳು ಅಪ್ಪಣೆಯಿಲ್ಲದೆ ಹಾರ್ವರ್ಡ್ ವಿಮಾನವೊಂದನ್ನು ಹಾರಿಸಿಕೊಂಡು ಹೋಗಿ ಪಾಕಿಸ್ತಾನದಲ್ಲಿ ಇಳಿದರು. ವಿಮಾನವನ್ನು ಶಾಶ್ವತವಾಗಿ ಇಟ್ಟುಕೊಳ್ಳುವ ಇಚ್ಛೆ ಇರಲಿಲ್ಲವೆಂಬ ವಾದವನ್ನು ಸುಪ್ರೀಂ ಕೋರ್ಟು 1957ರಲ್ಲಿ ಒಪ್ಪಲಿಲ್ಲ. ತಾತ್ಕಾಲಿಕವಾಗಿ ವಂಚಿಸಿದರೂ ಕಳವೇ ಎಂದಿತು. ಕಚೇರಿಯ ಕಡತವನ್ನು ಮನೆಗೊಯ್ದು, ಅದರೊಳಗಿನ ಕಾಗದ ಬದಲಿಸಲು ಆಸ್ಪದ ಕೊಟ್ಟು, ಮರುದಿನ ತಂದಿಟ್ಟ ರಾಜಸ್ಥಾನದ ನೌಕರನೊಬ್ಬನಿಗೂ 1963ರಲ್ಲಿ ಅದೇ ಉತ್ತರ ದೊರೆಯಿತು. ಹೀಗೆಂದು ನೆರೆಮನೆಯ ಗೆಳೆಯನ ಎತ್ತನ್ನು ಒಂದು ಹೊತ್ತು ನೊಗಕ್ಕೆ ಕಟ್ಟಿದವರೆಲ್ಲ ಹೆದರಬೇಕಾಗಿಲ್ಲ. ಸ್ನೇಹಿತನ ಗ್ರಂಥಭಂಡಾರದಿಂದ ಅವನಿಲ್ಲದಾಗ ಓದಲೆಂದು ಪುಸ್ತಕ ತಂದವನು, ಸ್ನೇಹದ ಸಲುಗೆಯಿಂದ ಒಪ್ಪಿಗೆಯುಂಟೆಂದು ನಂಬಿದ್ದರೆ, ಕಳ್ಳನಲ್ಲವೆಂದು ಅದೇ ಸಂಹಿತೆಯ ಉದಾಹರಣೆ ಹೇಳುತ್ತದೆ. (ಪುಸ್ತಕ ಒಯ್ದು ಹಿಂದಿರುಗಿಸದ ಸ್ನೇಹಿತರ ವಿಷಯದಲ್ಲಿ ಮೆಕಾಲೆ ಸಾಹೇಬರು ಅತಿ ಮೃದುವಾದರೇನೋ!)

ಆಳಂದದ ಸೀಮೆಗೆ ಈ ಸಂಹಿತೆ ತಡವಾಗಿ ಬಂತು. ನಿಜಾಮರ ಸಂಸ್ಥಾನಕ್ಕೆ ತಾಜಿರಾತೆ ಆಸಫಿಯಾ ಎಂಬ ತನ್ನದೇ ದಂಡಸಂಹಿತೆಯಿತ್ತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದೊಡನೆ ಸೇರಿದ ಮೇಲೆ, 1951ರ ಏಪ್ರಿಲಿನಿಂದ ಭಾರತ ದಂಡಸಂಹಿತೆ ಇಲ್ಲಿಗೂ ಅನ್ವಯಿಸಿತು. ಕಾಯಿದೆಗಳು ಬದಲಾದವು, ಮಾತು ಬದಲಾಗಲಿಲ್ಲ: ಫಿರ್ಯಾದಿ, ಪಂಚನಾಮೆ, ಮುದ್ದೇಮಾಲು, ಜಾಮೀನು ಇಂದಿಗೂ ಕಲಬುರಗಿಯ ಕೋರ್ಟಿನ ಅಂಗಳದಲ್ಲಿ ಕೇಳಿಬರುವ ಶಬ್ದಗಳು.

ಹೊಸ ಸಂಹಿತೆ ತಂದ ನಿಜವಾದ ಬದಲಾವಣೆ ಐದು ಸಾವಿರ ರೂಪಾಯಿಯ ಗೆರೆ. ಕದ್ದ ಮಾಲಿನ ಬೆಲೆ 5,000 ರೂಪಾಯಿಗೆ ಕಡಮೆಯಿದ್ದು, ಮೊದಲನೆಯ ಸಲ ಅಪರಾಧಿಯೆಂದು ಸಾಬೀತಾದವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಅವನಿಗೆ ಸೆರೆಮನೆಯಿಲ್ಲ. ಸಮುದಾಯ ಸೇವೆಯೇ ಶಿಕ್ಷೆ. ಎರಡನೆಯ ಸಲ ಸಿಕ್ಕವನಿಗೆ ಒಂದು ವರ್ಷಕ್ಕೆ ಕಡಮೆಯಾಗದ, ಐದು ವರ್ಷದವರೆಗಿನ ಕಠಿಣ ಸಜೆ. ಹಸಿವಿನ ಕಳವಿಗೆ ಸೆರೆಮನೆ ಮದ್ದಲ್ಲವೆಂಬ ತತ್ತ್ವ ಒಪ್ಪತಕ್ಕದ್ದೇ. ತೊಡಕು ಬೇರೊಂದೆಡೆಯಿದೆ. ಈ ಗೆರೆಗೆ ಕೆಳಗಿನ ಕಳವು ಪೋಲೀಸರು ತಾವಾಗಿ ತನಿಖೆ ಮಾಡಲಾಗದ ಅಪರಾಧಗಳ ಪಟ್ಟಿಗೆ ಸೇರಿತು. ಠಾಣೆಯಲ್ಲಿ ದೂರನ್ನು ಬರೆದುಕೊಂಡು, ಮ್ಯಾಜಿಸ್ಟ್ರೇಟರ ಬಳಿಗೆ ಹೋಗಿ ಎಂದು ಕಳುಹಿಸಬಹುದು. 2025–26ರ ಸಾಲಿಗೆ ಕೇಂದ್ರ ಸರಕಾರ ತೊಗರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಕಣದಿಂದ ಒಂದು ಕ್ವಿಂಟಲು ಹೋದರೆ ಪೋಲೀಸರು ಅದೇ ದಿನ ಬರಬೇಕು. ಅರ್ಧ ಕ್ವಿಂಟಲಿನ ಚೀಲ ಹೋದರೆ ಅದು 4,000ದ ಮಾಲು, ರೈತ ಆಳಂದದ ಕೋರ್ಟಿನ ಹಾದಿ ಹಿಡಿಯಬೇಕು. ನಾಲ್ಕು ಸಾವಿರವನ್ನು ಸಣ್ಣ ಮೊತ್ತವೆಂದು ಕಂಡವರು ದಿಲ್ಲಿಯಲ್ಲಿ ಕುಳಿತಿದ್ದರು. ಒಂದೂವರೆ ಎಕರೆಯ ರೈತನಿಗೆ ಅದು ಮಗಳ ಶಾಲೆಯ ಖರ್ಚು.

ಅಂಗಡಿಯ ಕಳವನ್ನು ನೋಡಿದರೆ ಈ ಲೆಕ್ಕ ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಪಟ್ಟಣಗಳ ದೊಡ್ಡ ಅಂಗಡಿಗಳಲ್ಲಿ ಗಿರಾಕಿ ತಾನೇ ಕೈಹಾಕಿ ಸಾಮಾನು ಆರಿಸಿಕೊಳ್ಳುವ ಪದ್ಧತಿ ಬಂದ ಮೇಲೆ ಸೋಪು, ಚಾಕೊಲೇಟು ಜೇಬಿಗಿಳಿಯುವುದೂ ಬಂದಿದೆ. ನಮ್ಮಲ್ಲಿ ಇದಕ್ಕೆ ಬೇರೆ ಕಾಯಿದೆಯಿಲ್ಲ. ಆದರೆ ವಾಸದ ಮನೆಯಿಂದ, ಇಲ್ಲವೇ ಮಾಲನ್ನು ಕಾದಿಡುವ ಕಟ್ಟಡದಿಂದ ಕದಿಯುವುದು 305ನೆಯ ಕಲಮು. ಗರಿಷ್ಠ ಶಿಕ್ಷೆ ಏಳು ವರ್ಷ. ಅಂಗಡಿಯೂ ಅಂಥ ಕಟ್ಟಡವೇ. ಆ ಕಲಮಿನಲ್ಲಿ ಐದು ಸಾವಿರದ ರಿಯಾಯಿತಿಯ ಮಾತಿಲ್ಲ. ಬಯಲು ಕಣದಿಂದ ಅರ್ಧ ಕ್ವಿಂಟಲು ತೊಗರಿ ಹೊತ್ತವನಿಗೆ ಸಮುದಾಯ ಸೇವೆ, ಅಂಗಡಿಯಿಂದ ಒಂದು ಸೋಪು ಜೇಬಿಗಿಟ್ಟ ಹುಡುಗನ ಮೇಲೆ ಏಳು ವರ್ಷದ ಕಲಮು! ದಾರಿಯಲ್ಲಿ ಸಿಕ್ಕ ಉಂಗುರವನ್ನು, ಒಡೆಯನಾರೆಂದು ತಿಳಿದೂ ದಕ್ಕಿಸಿಕೊಂಡವನದು ಕಳವಲ್ಲ, ದುರುಪಯೋಗ. 314ನೆಯ ಕಲಮು ಅವನಿಗೆ ಆರು ತಿಂಗಳಿಗೆ ಕಡಮೆಯಾಗದ ಸಜೆ ವಿಧಿಸಿದೆ. ಕಾಯಿದೆ ಬರೆದವರು ಈ ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿದಂತೆ ಕಾಣುವುದಿಲ್ಲ. ಸದ್ಯಕ್ಕೆ ಸಮಾಧಾನವೆಂದರೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ. ಮೊದಲ ಬಾರಿ ಕದ್ದವನನ್ನು, ಅದು ಕಟ್ಟಡದೊಳಗಿನ ಕಳವಾದರೂ, ಬುದ್ಧಿ ಹೇಳಿ ಬಿಟ್ಟುಬಿಡಲು ನ್ಯಾಯಾಧೀಶರಿಗೆ ಅದು ಅಧಿಕಾರ ಕೊಟ್ಟಿದೆ. ಹುಡುಗರ ಪರವಾಗಿ ನಿಲ್ಲುವ ವಕೀಲರು ಮೊದಲು ತೆರೆಯಬೇಕಾದ ಪುಟ ಅದೇ. ಅಂಗಡಿಯವನಿಗೂ ಒಂದು ಮಾತು. ಕಣ್ಣೆದುರಿಗೆ ಇಂಥ ಜಾಮೀನಿಲ್ಲದ ಅಪರಾಧ ಮಾಡಿದವನನ್ನು ಹಿಡಿದು ನಿಲ್ಲಿಸಬಹುದು. ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೋಲೀಸರಿಗೆ ಒಪ್ಪಿಸಬೇಕು. ಕೂಡಿಹಾಕಿ ಹೊಡೆದರೆ ಆರೋಪಿಯ ಜಾಗಕ್ಕೆ ಅವನೇ ಬರುತ್ತಾನೆ.

ಹೊಡೆತದ ಮಾತು ಬಂದಾಗ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾಗದು. ಊರಲ್ಲಿ ಕಳವಾದೊಡನೆ ಊರ ಹೊರಗೆ ಬೀಡುಬಿಟ್ಟ ಅಲೆಮಾರಿಗಳ ಕಡೆಗೆ ಬೆರಳು ತಿರುಗುತ್ತದೆ. ಈ ಅಭ್ಯಾಸಕ್ಕೆ ಕಾಯಿದೆಯ ಮುದ್ರೆಯೇ ಇತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಇಡೀ ಜಾತಿಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಮಾಡಿತು. ವಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಅವರನ್ನು ಕೂಡಿಹಾಕಿದ ಸೆಟ್ಲಮೆಂಟುಗಳಿದ್ದವು. 1952ರ ಆಗಸ್ಟ್ 31ರಂದು ಆ ಕಾಯಿದೆ ಅಳಿಯಿತು. ಸಂಶಯ ಅಳಿಯಲಿಲ್ಲವೆಂಬುದನ್ನು ಸುಪ್ರೀಂ ಕೋರ್ಟು 2024ರ ಅಕ್ಟೋಬರ್ 3ರ ತೀರ್ಪಿನಲ್ಲಿ ಎತ್ತಿ ಹೇಳಿ, ಇಂಥ ಜನಾಂಗಗಳವರನ್ನು ಮನಬಂದಂತೆ ಬಂಧಿಸಕೂಡದೆಂದು ಪೋಲೀಸರಿಗೆ ಎಚ್ಚರಿಕೆಯಿತ್ತಿತು. ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. ಅದರಿಂದ ಮಾಲು ಪತ್ತೆಯಾದರೆ, ಪತ್ತೆಗೆ ಸಂಬಂಧಿಸಿದ ಮಾತಷ್ಟೇ ಸಾಕ್ಷ್ಯ. ಹೊಸ ಸಂಹಿತೆಯ ಪ್ರಕಾರ ಶೋಧನೆಯನ್ನೂ ಜಪ್ತಿಯನ್ನೂ ಚಿತ್ರೀಕರಿಸಲೇಬೇಕು. ಪಂಚರಾಗಿ ಸಹಿ ಹಾಕುವ ಊರಿನ ಹಿರಿಯರು ಕಂಡದ್ದಕ್ಕೆ ಮಾತ್ರ ಸಹಿ ಹಾಕಲಿ.

ಮತ್ತೆ ಠಾಣೆಯ ಅಂಗಳದಲ್ಲಿ ಕಟ್ಟಿದ ಎತ್ತಿಗೆ ಬರೋಣ. ಮೊಕದ್ದಮೆ ಮುಗಿಯಲು ವರ್ಷಗಳು ಹಿಡಿಯಬಹುದು; ಎತ್ತಿಗೆ ಮೇವು ದಿನವೂ ಬೇಕು. ಆಭರಣವಾದರೆ ಮೇವು ಬೇಡ, ಕಾವಲು ಬೇಕು. ಆ ಕಾವಲು ತಪ್ಪಿದರೆ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನ ಮೊಕದ್ದಮೆಯೊಂದು ದೇಶಕ್ಕೇ ದೃಷ್ಟಾಂತವಾಗಿದೆ. ಬೆಳಗಾವಿ ಜಿಲ್ಲೆಯ ಗೋಕಾಕದ ಕಡೆಯ ಒಬ್ಬ ಹೆಣ್ಣುಮಗಳ ಮನೆಯಲ್ಲಿ ಆಭರಣಗಳು ಕಳುವಾದವು. ಪೋಲೀಸರು ಅವನ್ನು ಪತ್ತೆಹಚ್ಚಿದರು, ಮ್ಯಾಜಿಸ್ಟ್ರೇಟರ ಮುಂದಿಟ್ಟರು. ಅವರು ಅವನ್ನು ಪೋಲೀಸರ ಜೋಪಾನಕ್ಕೇ ಒಪ್ಪಿಸಿದರು. ಠಾಣೆಯಿಂದ ಆಭರಣಗಳು ಮಾಯವಾದವು! ಕಳ್ಳರ ಮನೆಯಿಂದ ಹಿಂದಿರುಗಿದ ಬಂಗಾರ ಕಾವಲಿನವರ ಮನೆಯಿಂದ ಹೋಯಿತು. ಹಾನಿ ತುಂಬಿಕೊಡಿರೆಂದು ಆಕೆ ಕೇಳಿದಾಗ, ಮಾಲು ಕೋರ್ಟಿನ ವಶದಲ್ಲಿರಲಿಲ್ಲವೆಂದು ಹೈಕೋರ್ಟು ಕೈಚೆಲ್ಲಿತು. ಆಕೆ ಬಿಡಲಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ಮ್ಯಾಜಿಸ್ಟ್ರೇಟರ ಆಜ್ಞೆಯಂತೆ ಪೋಲೀಸರು ಇಟ್ಟುಕೊಂಡದ್ದು ಕೋರ್ಟಿನ ವಶವೇ, ತಕ್ಕ ಎಚ್ಚರ ವಹಿಸಿದ್ದೆವೆಂದು ಸರಕಾರ ತೋರಿಸದಿದ್ದರೆ ಬೆಲೆ ತೆರಬೇಕು. ಹತ್ತು ಸಾವಿರ ರೂಪಾಯಿ ಕೊಡಿಸಿತು. ವಕೀಲರು ಇಂದಿಗೂ ಬಸವ್ವ ಪ್ರಕರಣವೆಂದು ಇದನ್ನು ಉದ್ಧರಿಸುತ್ತಾರೆ. ಅಗತ್ಯ ತೀರಿದೊಡನೆ ಮಾಲನ್ನು ಒಡೆಯನಿಗೆ ಮುಟ್ಟಿಸಬೇಕೆಂಬ ಅದರ ಮಾತನ್ನೇ ಹಿಡಿದು 2002ರಲ್ಲಿ, ಗುಜರಾತಿನ ಮೊಕದ್ದಮೆಯೊಂದರಲ್ಲಿ, ಅದೇ ಕೋರ್ಟು ಮಾಲನ್ನು ಠಾಣೆಯಲ್ಲಿ ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳಿಗಿಂತ ಮೇಲೆ ಇಟ್ಟುಕೊಳ್ಳಬಾರದೆಂದು ವಿಧಿಸಿತು. ಈಗಿನ ಸುರಕ್ಷಾ ಸಂಹಿತೆಯ 497ನೆಯ ಕಲಮು ಇದಕ್ಕೆ ಅವಧಿಯನ್ನೇ ಕಟ್ಟಿದೆ: ಮಾಲು ಕೋರ್ಟಿಗೆ ಬಂದ 14 ದಿನಗಳಲ್ಲಿ ಅದರ ವಿವರಪಟ್ಟಿ, ಭಾವಚಿತ್ರ, ಅನಂತರ 30 ದಿನಗಳಲ್ಲಿ ವಿಲೇವಾರಿಯ ಆಜ್ಞೆ. ವಿಚಾರಣೆಯಲ್ಲಿ ಆ ಭಾವಚಿತ್ರವೇ ಸಾಕ್ಷ್ಯ.

ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ 2024ರ ಅಕ್ಟೋಬರಿನಲ್ಲಿ ಸ್ಟೇಟ್ ಬ್ಯಾಂಕಿನಿಂದ ಸುಮಾರು 17 ಕಿಲೋ ಅಡವಿನ ಬಂಗಾರ ಹೋಯಿತಷ್ಟೆ. 2025ರ ಮಾರ್ಚಿನಲ್ಲಿ ಪೋಲೀಸರು ಅದರ ಬಹುಭಾಗವನ್ನು ತಮಿಳುನಾಡಿನ ಮಧುರೆ ಜಿಲ್ಲೆಯ ಬಾವಿಯೊಂದರಿಂದ ಎತ್ತಿದರು. ಅಡವಿಟ್ಟವರ ಒಡವೆಯಾದರೂ ವಶ ಬ್ಯಾಂಕಿನದು. ಕಳವು ವಶಕ್ಕೆ ವಿರುದ್ಧವಾದ ಅಪರಾಧವಾದುದರಿಂದ ಮಾಲಿಗಾಗಿ ಕೋರ್ಟಿನಲ್ಲಿ ಮೊದಲು ನಿಲ್ಲುವುದು ಬ್ಯಾಂಕು; ಸಾಲ ತೀರಿಸಿದವರಿಗೆ ಅದು ಉತ್ತರ ಹೇಳಬೇಕು.

ಆದುದರಿಂದ ಅಕ್ಕಲಕೋಟೆಯ ರೈತ ಎತ್ತು ಸಿಕ್ಕ ವಾರದಲ್ಲೇ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ, ಕೇಳಿದಾಗ ತಂದೊಪ್ಪಿಸುವೆನೆಂದು ಮುಚ್ಚಳಿಕೆ ಬರೆದುಕೊಟ್ಟು ಜೋಡಿಯನ್ನು ಮನೆಗೆ ಹೊಡೆದುಕೊಂಡು ಹೋಗಬಹುದು. ಜಿಡಗಾದವನು ಅದೇ ದಿನ ತನ್ನ ಚೀಟಿಯ ನಕಲನ್ನೂ, ಕಳ್ಳನ ಬಳಿ ಸಿಕ್ಕ ಹಣ ತನಗೆ ಸಲ್ಲಬೇಕೆಂಬ ತಕರಾರನ್ನೂ ಕಡತಕ್ಕೆ ಸೇರಿಸಲಿ. ಹಣವನ್ನು ಬೇರಾರಿಗೋ ಬಿಟ್ಟುಕೊಟ್ಟ ಮೇಲೆ ಎಚ್ಚರವಾದರೆ ಪ್ರಯೋಜನವಿಲ್ಲ. ಗಡಿಯಾಚೆಯ ಕಳವೆಂದು ಯಾವ ಠಾಣೆಯೂ ಫಿರ್ಯಾದಿಯನ್ನು ತಿರುಗಿಸಿ ಕಳುಹಿಸುವಂತಿಲ್ಲ. ಐದು ಸಾವಿರದ ಗೆರೆ ಮೀರಿದ ಇಂಥ ಕಳವಿನ ದೂರನ್ನು, ಅದು ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದಾಖಲಿಸತಕ್ಕದ್ದು. ಅದರ ಪ್ರತಿಯನ್ನು ಬಿಟ್ಟಿಯಾಗಿ ಕೊಡತಕ್ಕದ್ದು. ಮೊಬೈಲಿನಿಂದಲೋ ಮಿಂಚಂಚೆಯಿಂದಲೋ ದೂರು ಕಳುಹಿಸಿದವರು ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕುವುದನ್ನು ಮರೆಯಬಾರದು.